ಹಬ್ಬದ ಚಂದ್ರನಿಗೆ ಎರಡನೇ ಸಾಕ್ಷಿ

ಆ ವರ್ಷ ರಂಜಾನಿನ ಇಪ್ಪತ್ತೊಂಬತ್ತನೇ ಸಂಜೆ ಶ್ರೀರಂಗಪಟ್ಟಣದಲ್ಲಿ ಯಾರಿಗೂ ಚಂದ್ರ ಕಾಣಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ರಂಜಾನ್ ಮುಗಿಯುವ ಹೊತ್ತಿಗೆ ಹೊಲಗಳಲ್ಲಿ ರಾಗಿ ಕೊಯ್ಲಿಗೆ ಬಂದಿರುತ್ತಿತ್ತು. ಸಮುದ್ರದ ಕಡೆ ಎಲ್ಲೋ ಸೈಕ್ಲೋನ್ ಎದ್ದಿದ್ದರಿಂದ ಎರಡು ದಿನದಿಂದ ಜಡಿಮಳೆ ಹಿಡಿದಿತ್ತು. ನದಿ ದಂಡೆಯಲ್ಲಿ ನಿಂತವರು ಪಡುವಣದ ಕಡೆ ಕತ್ತೆತ್ತಿ ನೋಡಿದರೆ ಒದ್ದೆ ಕಂಬಳಿ ಹೊದಿಸಿದಂಥ ಆಕಾಶ. ಪಾಂಡವಪುರದಿಂದಲೂ ಕೆ.ಆರ್.ಪೇಟೆಯಿಂದಲೂ ಚಂದ್ರನ ಸುದ್ದಿ ಬರಲಿಲ್ಲ. ಶಾವಿಗೆಗೆಂದು ಹಾಲು ತಂದಿಟ್ಟಿದ್ದ ಹೆಂಗಸರು ಅದನ್ನು ಮತ್ತೆ ಕಾಯಿಸಿ ಮುಚ್ಚಿಟ್ಟರು.

ನಾನು ಆಗ ಅದೇ ಊರಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ. ಹಬ್ಬ ಯಾವತ್ತೆಂದು ತೀರ್ಮಾನ ಹೇಳುತ್ತಿದ್ದ ಖಾಜಿ ಸಾಹೇಬರು ಹೊರಗಿನಿಂದ ಬಂದವರು, ಉರ್ದು ಬಿಟ್ಟು ಬೇರೆ ಭಾಷೆ ಬಾರದು. ವಯಸ್ಸಾಗಿತ್ತು, ಮಂಡಿನೋವು. ಚಂದ್ರನನ್ನು ಕಂಡೆವೆಂದು ಹಳ್ಳಿಗಳಿಂದ ಬರುವವರಲ್ಲಿ ಕೆಲವರಿಗೆ ಕನ್ನಡವೇ ಮಾತು. ಅವರು ಹೇಳಿದ್ದನ್ನು ಖಾಜಿಗಳಿಗೆ ಉರ್ದುವಿನಲ್ಲಿ, ಖಾಜಿಗಳ ಪ್ರಶ್ನೆಯನ್ನು ಅವರಿಗೆ ಕನ್ನಡದಲ್ಲಿ ಮುಟ್ಟಿಸುವುದು ನನ್ನ ಕೆಲಸ. ಸಂಬಳದ ಕೆಲಸವಲ್ಲ. ಮಸೀದಿಯವರು ಕೇಳಿದರು, ನಾನು ಒಪ್ಪಿಕೊಂಡಿದ್ದೆ.

ಕೆಲಸ ಸರಳವೆಂದು ಹೊರಗಿನವರಿಗೆ ಅನ್ನಿಸಬಹುದು. ಆಕಾಶ ಶುಭ್ರವಾಗಿದ್ದರೆ ನಮಗೆ ಕೆಲಸವೇ ಇಲ್ಲ, ಊರಿಗೆ ಊರೇ ನೋಡುತ್ತದೆ. ಮೋಡವಿದ್ದರೆ ಹಬ್ಬದ ಚಂದ್ರನಿಗೆ ಸಾಕ್ಷ್ಯ ಬೇಕು. ಇಬ್ಬರು ಗಂಡಸರು, ಇಲ್ಲವೇ ಒಬ್ಬ ಗಂಡಸು ಮತ್ತು ಇಬ್ಬರು ಹೆಂಗಸರು, ತಾವೇ ಕಣ್ಣಾರೆ ಕಂಡೆವೆಂದು ದೇವರ ಮುಂದೆ ಹೇಳಬೇಕು. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಬೇಕು. ಎಲ್ಲಿ ನಿಂತಿದ್ದಿರಿ? ಸೂರ್ಯ ಮುಳುಗಿದ ಜಾಗದಿಂದ ಚಂದ್ರ ಎಡಕ್ಕಿತ್ತೋ ಬಲಕ್ಕೋ? ಯಾವ ಮರದ ಮೇಲೆ, ಯಾವ ದಿಣ್ಣೆಯ ಮೇಲೆ? ಕೊಂಬು ಯಾವ ಕಡೆಗೆ? ಸಾಕ್ಷ್ಯ ನಿಲ್ಲದಿದ್ದರೆ ಮೂವತ್ತು ದಿನದ ಉಪವಾಸ, ಮೂವತ್ತು ರೋಜಾ, ತುಂಬಿಸಬೇಕು. ಹಬ್ಬದ ದಿನ ಉಪವಾಸವಿರುವುದು ನಿಷಿದ್ಧ. ರಂಜಾನಿನ ದಿನ ಕಾರಣವಿಲ್ಲದೆ ಉಪವಾಸ ಬಿಡುವುದು ಪಾಪ. ಈ ಎರಡರ ನಡುವೆ ಊರನ್ನು ಯಾವ ಕಡೆಗೆ ನಿಲ್ಲಿಸಬೇಕೆಂಬುದು ಆ ಇಬ್ಬರ ಮಾತಿನ ಮೇಲೆ ನಿಂತಿರುತ್ತದೆ.

ಮಾರನೆಯ ಬೆಳಿಗ್ಗೆ ಊರೆಲ್ಲ ರೋಜಾ ಹಿಡಿದೇ ಎದ್ದಿತ್ತು. ಮೊದಲ ಬಸ್ಸಿನಿಂದ ಒಬ್ಬ ಬಟ್ಟೆ ವ್ಯಾಪಾರಿ ಇಳಿದು ನೇರ ಮಸೀದಿಗೆ ಬಂದ. ಮೂವತ್ತರ ಆಸುಪಾಸಿನವನು, ಕೆ.ಆರ್.ಪೇಟೆಯವನು. ಹೆಗಲ ಮೇಲೆ ಗಂಟು ಹೊತ್ತು ಹಳ್ಳಿ ಹಳ್ಳಿ ಸುತ್ತಿ ಸೀರೆ, ರವಿಕೆ ಬಟ್ಟೆ ಮಾರುವವನು. ನಾಗಮಂಗಲದ ದಾರಿಯ ಒಂದು ಹಳ್ಳಿಯಲ್ಲಿ ಮೋಡ ಬಿರಿದು ಚಂದ್ರ ಕಂಡಿದೆಯೆಂದ. ಅಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಒಬ್ಬ ಮುದುಕ ಕಂಡಿದ್ದಾನೆ, ತಾನೂ ಕಂಡಿದ್ದೇನೆ. ಮುದುಕನ ಹೆಂಡತಿಗೆ ಕಾಯಿಲೆ ಜೋರಾಗಿರುವುದರಿಂದ ಅವನು ಬಿಟ್ಟು ಬರುವ ಹಾಗಿಲ್ಲ.

ಖಾಜಿ ಸಾಹೇಬರು ಯೋಚಿಸಿದರು. ಸೂರ್ಯ ನೆತ್ತಿಗೆ ಬರುವುದರೊಳಗೆ ಸಾಕ್ಷ್ಯ ಸಿಕ್ಕರೆ ಅಂದೇ ರೋಜಾ ಬಿಟ್ಟು ಹಬ್ಬದ ನಮಾಜು ಮಾಡಬಹುದು. ಆಮೇಲೆ ಸಿಕ್ಕರೆ ನಮಾಜಿಗೆ ಮಾರನೆಯ ದಿನವೇ ಗತಿ. "ಸಾಕ್ಷಿ ಬರಲಾರ ಎಂದರೆ ನಾವೇ ಹೋಗಬೇಕು," ಎಂದರು. ಬಾಡಿಗೆ ಕಾರು ಮಾಡಿಕೊಂಡು ಮೂವರೂ ಹೊರಟೆವು.

ಕಾರಿನಲ್ಲಿ ಖಾಜಿಗಳು ವ್ಯಾಪಾರಿಯನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೊದಲೇ ಕೇಳಿದರೆ ಸಾಕ್ಷಿಗೆ ಪಾಠ ಹೇಳಿಕೊಟ್ಟ ಹಾಗಾಗುತ್ತದೆಂದು ಅವರ ನಿಯಮ. ಪಾಂಡವಪುರದ ಬಳಿ ಕಬ್ಬಿನ ಗಾಡಿಗಳ ಸಾಲು ದಾಟಲು ಹೊತ್ತಾಯಿತು. ಎಡಕ್ಕೆ ಮೇಲುಕೋಟೆಯ ಬೆಟ್ಟ ಸೊಂಟದಿಂದ ಮೇಲೆ ಮೋಡದಲ್ಲಿ ಮುಚ್ಚಿಹೋಗಿತ್ತು. ವ್ಯಾಪಾರಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ.

ಹಳ್ಳಿಯಲ್ಲಿ ಅದೊಂದೇ ಮುಸಲ್ಮಾನರ ಮನೆ, ಊರಂಚಿನಲ್ಲಿ. ಎಷ್ಟೋ ತಲೆಮಾರಿನಿಂದ ಗೌಡರ ನಡುವೆ ಇದ್ದವರಾದ್ದರಿಂದ ಮನೆಮಾತು ಕನ್ನಡವೇ ಆಗಿಬಿಟ್ಟಿತ್ತು. ನಮಾಜಿಗೆ ಬೇಕಾದಷ್ಟು ಅರಬ್ಬಿ ಮಾತ್ರ ಉಳಿದಿತ್ತು. ಮುದುಕ ಜಗುಲಿಯ ಮೇಲೆ ಚಾಪೆ ಹಾಸಿದ. ಒಳಗೆ ಹಗ್ಗದ ಮಂಚದ ಮೇಲೆ ಅವನ ಹೆಂಡತಿ ಮಲಗಿದ್ದಳು. ಅಮ್ಮನನ್ನು ನೋಡಿಕೊಳ್ಳಲು ಬಂದಿದ್ದ ಮಗಳು ಸೆರಗು ಎಳೆದುಕೊಂಡು ಗೋಡೆಗೆ ಸರಿದು ನಿಂತಳು.

ವ್ಯಾಪಾರಿಯನ್ನು ದೂರ ಕಳಿಸಿ ಮುದುಕನನ್ನು ಮೊದಲು ಕೇಳಿದೆವು. ಸಂಜೆ ಅವನು ಹೆಂಡತಿಯನ್ನು ಎತ್ತಿ ತಂದು ಬಾಗಿಲಿಗೆ ಒರಗಿಸಿ ಕೂರಿಸಿದ್ದನಂತೆ. ಆಕೆಯೇ ಕೇಳಿಕೊಂಡದ್ದು. ತಿಂಗಳಿಡೀ ಯಾರು ಬೇಡವೆಂದರೂ ಕೇಳದೆ ರೋಜಾ ಹಿಡಿದಿದ್ದಳು, ಚಂದ್ರನನ್ನು ತಾನೇ ನೋಡಬೇಕೆಂದಳು.

"ಏನು ಕಂಡಿರಿ ಅಜ್ಜ?" ಎಂದೆ.

"ಸೂರ್ಯ ಮುಳುಗಿ ವಸಿ ಒತ್ತಾಗಿತ್ತು ಸಾಮಿ. ಮೋಡ ಬಿಚ್ಕತು. ಅಗೋ, ಗೌಡ್ರ ಉಲ್ಲಿನ ಮೆದೆಗೂ ಆ ಬೇವಿನ ಮರಕ್ಕೂ ನಡುವೆ. ಕುಡ್ಲು ಅಂಚಿನಂಗೆ, ಸಣ್ಣಕೆ. ಕಂಡಂಗಾಯ್ತು."

ನಾನು ತಡೆದೆ. ನಮ್ಮ ಕಡೆಯವರು ಖಂಡಿತವಾಗಿ ಕಂಡದ್ದನ್ನೂ ಹಾಗೆಯೇ ಹೇಳುತ್ತಾರೆ. ಕಂಡೆ ಎಂದು ಎದೆ ತಟ್ಟಿ ಹೇಳಿದರೆ ದೊಡ್ಡಸ್ತಿಕೆಯೇನೋ ಎಂಬ ಸಂಕೋಚ. ಆದರೆ ಅದನ್ನು ಉರ್ದುವಿಗೆ ತಂದರೆ 'ಕಂಡ ಹಾಗೆ ಅನ್ನಿಸಿತು' ಎಂದಾಗುತ್ತದೆ, ಅಲ್ಲಿಗೆ ಸಾಕ್ಷ್ಯ ಬಿದ್ದುಹೋಗುತ್ತದೆ. ನಾನು ಖಾಜಿಗಳಿಗೆ ಅವನ ಮಾತನ್ನು ಇದ್ದಂತೆಯೇ ಹೇಳಿ, ಹಳ್ಳಿಯ ಈ ರೂಢಿಯನ್ನೂ ತಿಳಿಸಿದೆ. ಅವರು, "ಹಾಗಾದರೆ ಅವನ ಬಾಯಿಂದಲೇ ಬರಲಿ," ಎಂದರು.

"ಅಜ್ಜ, ದೇವರ ಮುಂದೆ ಸಾಕ್ಷಿ ಹೇಳ್ತಿದ್ದೀರಿ. ಕಂಡಿರೋ, ಕಂಡಂಗಾಯ್ತೋ?"

ಮುದುಕ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. "ಕಂಡೆ," ಎಂದ. "ಖುದಾನ ಮುಂದೆ ಏಳ್ತಿವ್ನಿ. ಈ ಕಣ್ಣಲ್ಲೇ ಕಂಡೆ."

ಕೊಂಬಿನ ದಿಕ್ಕು, ಎತ್ತರ, ಎಷ್ಟು ಹೊತ್ತು ಇತ್ತು ಎಂದೆಲ್ಲ ಕೇಳಿದೆವು. ಬೆಳಗಿದ ಬೆನ್ನು ಸೂರ್ಯ ಮುಳುಗಿದ ಕಡೆಗೆ, ಕೊಂಬುಗಳು ಅದರ ಎದುರು ಕಡೆಗೆ ಮೇಲಕ್ಕೆ. ಒಂದು ಉತ್ತರವೂ ತಪ್ಪಲಿಲ್ಲ. ಬೇರೆ ಯಾರು ಕಂಡರೆಂದು ಕೇಳಿದಾಗ, "ನನ್ನ ಎಂಡ್ರು ಕಂಡ್ಲು. ಬಟ್ಟೆ ಮಾರೋನು ಕತ್ಲಾದ ಮ್ಯಾಲೆ ಬಂದ. ಕೆರೆ ಏರಿ ಮ್ಯಾಲೆ ಬರೋವಾಗ ಕಂಡ್ನಂತೆ, ಅವ್ನೇ ಏಳ್ದ," ಎಂದ.

ಅಷ್ಟರಲ್ಲಿ ಪಕ್ಕದ ಕಣದಿಂದ ಮೆದೆಯ ಯಜಮಾನ ಗೌಡರು ಕೈಗಂಟಿದ್ದ ಒದ್ದೆ ರಾಗಿ ಹೊಟ್ಟು ಕೊಡವುತ್ತ ಬಂದರು. "ನಾನೂ ನೋಡ್ದೆ ಕಣ್ರೀ. ತೆನೆ ಮ್ಯಾಲೆ ಗೋಣಿತಾಟು ಒದಿಸ್ತಿದ್ದೆ. ಗೀಟು ಎಳ್ದಂಗೆ ಕಾಣ್ತು. ನನ್ ಸಾಕ್ಷಿನೂ ಇಡ್ಕಳಿ."

ಖಾಜಿಗಳು ಎದ್ದು ನಿಂತು ಅವರಿಗೆ ಸಲಾಮು ಮಾಡಿದರು. ನನ್ನ ಮೂಲಕ, "ನಿಮ್ಮ ಮಾತು ಸುಳ್ಳೆಂದಲ್ಲ. ನಮ್ಮ ಉಪವಾಸ ಹಿಡಿಯದವರ ಮೇಲೆ ನಮ್ಮ ಹಬ್ಬದ ಹೊಣೆ ಹೊರಿಸುವುದಕ್ಕೆ ನಿಯಮ ಬಿಡುವುದಿಲ್ಲ," ಎಂದು ಹೇಳಿಸಿದರು. ಗೌಡರು ನನ್ನನ್ನೂ ಅವರನ್ನೂ ನೋಡಿ ಜಗುಲಿಯ ತುದಿಯಲ್ಲಿ ಕುಳಿತುಕೊಂಡರು.

ಆಮೇಲೆ ವ್ಯಾಪಾರಿಯ ಸರದಿ. ಅವನಿಗೆ ಉರ್ದು ಬರುತ್ತಿತ್ತು. ತಡವರಿಸದೆ ಹೇಳಿದ. ಕೆರೆ ಏರಿಯ ಮೇಲೆ, ತೂಬಿನ ಹತ್ತಿರ ನಿಂತಿದ್ದೆ. ಗೌಡರ ಮೆದೆ ಮತ್ತು ಬೇವಿನ ಮರದ ನಡುವೆ ಕುಡುಗೋಲಿನ ಅಂಚಿನ ಹಾಗೆ ಕಂಡಿತು. ದೇವರ ಮುಂದೆ ಸಾಕ್ಷಿ ಹೇಳುತ್ತೇನೆ.

ಖಾಜಿಗಳ ಮುಖ ಬೆಳಗಿಂದ ಮೊದಲ ಸಲ ಸಡಿಲವಾಯಿತು. ಆದರೂ ಕ್ರಮ ಬಿಡುವವರಲ್ಲ. "ಅವನು ನಿಂತ ಜಾಗವನ್ನು ನೀವು ನೋಡಿಕೊಂಡು ಬನ್ನಿ. ನನ್ನ ಮಂಡಿಗೆ ಏರಿ ಹತ್ತಲಾಗದು," ಎಂದು ನನ್ನನ್ನು ಕಳಿಸಿದರು.

ಏರಿ ಹತ್ತಿರವೇ ಇತ್ತು. ನೀರು ಬೂದಿಬಣ್ಣವಾಗಿತ್ತು. ತೂಬಿನ ಬಳಿ ನಿಂತು ವ್ಯಾಪಾರಿ ಕೈಚಾಚಿದ, ಚಾಚಿದ ಕೈ ಅರ್ಧಕ್ಕೇ ನಿಂತಿತು. ನಾನೂ ಅದೇ ಕಡೆ ನೋಡಿದೆ. ಅಲ್ಲಿಂದ ಪಡುವಣಕ್ಕೆ ಬರೀ ಕೆರೆ, ಅದರಾಚೆ ಬೋಳು ದಿಣ್ಣೆ. ಗೌಡರ ಮೆದೆಯೂ ಬೇವಿನ ಮರವೂ ನಮ್ಮ ಬೆನ್ನ ಹಿಂದೆ, ಊರಿನ ಕಡೆಗಿದ್ದವು. ಆ ಎರಡರ ನಡುವೆ ಚಂದ್ರ ಕಾಣಬೇಕಾದರೆ ಮುದುಕನ ಮನೆಯ ಬಾಗಿಲಲ್ಲಿ ಕೂತಿರಬೇಕು.

ಅವನು ಕಲ್ಲಿನ ಮೇಲೆ ಕುಕ್ಕರಿಸಿದ.

"ನಾನು ಬರೋ ಒತ್ಗೆ ಮೋಡ ಮುಚ್ಕಂಡಿತ್ತು ಮೇಷ್ಟ್ರೇ," ಎಂದ.

"ಮತ್ತೆ ಯಾಕೆ ಹೇಳಿದೆ?"

"ಆಯಮ್ಮನ್ನ ನೋಡುದ್ರಲ್ಲ. ಈ ಊರಿಗೆ ಬಂದಾಗೆಲ್ಲ ನಂಗೆ ಅನ್ನ ಇಕ್ಕವ್ಳೆ. ನೆನ್ನೆ ರೋಜಾ ಬುಡೋವಾಗ ಒಂದು ಗುಟುಕು ನೀರು ಕುಡುದಿದ್ದು. ಅಷ್ಟೇಯ. ಆಮೇಲೆ ಚಂದ್ರ ಕಂಡೈತೆ, ಇನ್ನು ಹಬ್ಬ ಅಂತ ಪಟ್ಣದಿಂದ ಸುದ್ದಿ ಬಂದ್ಮೇಲೇ ಕುಡಿಯಾದು ಅಂತ ಅಟ ಇಡ್ದವ್ಳೆ. ರಾತ್ರಿಯೆಲ್ಲ ನೀರು ಮುಟ್ಲಿಲ್ಲ. ಅಜ್ಜಂಗೆ ಇನ್ನೊಂದು ಸಾಕ್ಷಿ ಬೇಕು ಅಂತ ನಂಗೊತ್ತು. ಅದ್ಕೇ."

"ಸುಳ್ಳು ಸಾಕ್ಷಿ ಅಂದರೆ ಏನು ಅಂತ ಗೊತ್ತು ತಾನೆ?"

"ಗೊತ್ತು. ಆದ್ರೆ ಅವ್ರಿಬ್ರೂ ಕಂಡಿರಾದು ನಿಜ. ಗೌಡ್ರು ಕಂಡಿರಾದೂ ನಿಜ. ಚಂದ್ರ ಇದ್ದಿದ್ದು ನಿಜ ಆದ್ಮೇಲೆ, ನಾನು ಕಾಣ್ದಿದ್ರೆ ಯಾರ್ಗೆ ಏನು ನಷ್ಟ? ನೀವು ಸುಮ್ನಿದ್ಬುಡಿ. ಖಾಜಿಗಳು ಏರಿ ಹತ್ತಕ್ಕಿಲ್ಲ."

ಚಂದ್ರ ಕಂಡಿತ್ತೆಂಬುದರಲ್ಲಿ ನನಗೂ ಅನುಮಾನ ಉಳಿದಿರಲಿಲ್ಲ. ವಾಪಸು ನಡೆಯುತ್ತ ಎರಡೂ ಕಡೆ ತೂಗಿ ನೋಡಿದೆ. ಸುಮ್ಮನಿದ್ದರೆ ಆಕೆ ನೀರು ಕುಡಿಯುತ್ತಾಳೆ. ಈದ್ಗಾದಲ್ಲಿ ಜನ ಸೇರುತ್ತಾರೆ, ಮಕ್ಕಳು ಹೊಸ ಬಟ್ಟೆ ಹಾಕಿಕೊಳ್ಳುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಊರಿನ ಜನ ರೋಜಾ ಬಿಡುವುದು ಚಂದ್ರನನ್ನು ನಂಬಿ ಅಲ್ಲ, ನಮ್ಮನ್ನು ನಂಬಿ. ಇಂದು ಒಳ್ಳೆಯದಕ್ಕೆಂದು ಮಾಡಿದ್ದನ್ನು ಮುಂದಿನ ವರ್ಷ ಮತ್ತೊಬ್ಬ ಮತ್ತೇನಕ್ಕೋ ಮಾಡಬಹುದು. ಆಗ ಏರಿ ಹತ್ತಿ ನೋಡುವುದಕ್ಕೆ ಅರ್ಥವೇನು? ನನ್ನನ್ನು ಕಳಿಸಿದ್ದು ನೋಡಿ ಬಂದು ಹೇಳಲು. ಜಗುಲಿಯ ಹತ್ತಿರ ಬರುವಷ್ಟರಲ್ಲಿ ಹೇಳುವುದೆಂದು ನಿಶ್ಚಯವಾಗಿತ್ತು. ಆ ನಿಶ್ಚಯದಿಂದ ಮನಸ್ಸಿಗೆ ಕಿಂಚಿತ್ತೂ ಹಗುರವಾಗಲಿಲ್ಲ.

ಖಾಜಿಗಳನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ಯಾಕೆ ಹೇಳಿದನೆಂಬುದನ್ನೂ ಹೇಳಿದೆ. ಅವರು ಗಡ್ಡ ಹಿಡಿದುಕೊಂಡು ನೆಲ ನೋಡುತ್ತ ನಿಂತರು. ವ್ಯಾಪಾರಿಯನ್ನು ಬಯ್ಯಲಿಲ್ಲ. ಒಳಬಾಗಿಲ ಕಡೆ ನೋಡಿ, "ಮನೆಯಲ್ಲಿ ಇನ್ನೊಬ್ಬಳು ಹೆಂಗಸು ಇದ್ದಾಳಲ್ಲವೇ?" ಎಂದರು.

ನನಗೂ ಆಗಲೇ ಹೊಳೆದದ್ದು. ಮುದುಕನ ಜೊತೆ ಇಬ್ಬರು ಹೆಂಗಸರಾದರೆ ಸಾಕು. ಆಕೆ, ಮತ್ತು ಮಗಳು.

ಮಗಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವಳು ಏನು ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಇನ್ನು ಯಾರ ಸಾಕ್ಷಿ ಬೇಕೆಂದು ಮುದುಕನಿಗೆ ಜಗುಲಿಯಲ್ಲೇ ಕನ್ನಡದಲ್ಲಿ ಹೇಳಿದ್ದೆ.

"ನೀನು ಚಂದ್ರನ್ನ ನೋಡಿದೆಯಾ ತಾಯಿ?"

ಒಳಗೆ ಮಂಚ ಕಿರುಗುಟ್ಟಿತು. ಅವಳು ಅಮ್ಮನ ಕಡೆ ತಿರುಗಿ ನೋಡಿದಳು.

"ಇಲ್ಲ ಕಣಣ್ಣ. ನಾನು ಒಲೆ ಮುಂದೆ ಇದ್ದೆ. ಅಪ್ಪ ಕೂಗ್ತು. ನಾನು ಬರೋ ಒತ್ಗೆ ಮೋಡ ಮುಚ್ತು." ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಖಾಜಿಗಳು ಕಣ್ಣು ಮುಚ್ಚಿದರು. ಮತ್ತೆ ತೆರೆದು, ಒಳಗೆ ಹೋಗಿ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಆಕೆಯ ಸಾಕ್ಷ್ಯದಿಂದ ಇನ್ನು ಪ್ರಯೋಜನವಿರಲಿಲ್ಲ. ಆದರೂ ಮೊದಲಿನಿಂದ ಕೊನೆಯವರೆಗೆ ಕೇಳಿದರು. ಎಲ್ಲಿ ಕೂತಿದ್ದಿರಿ, ಯಾವ ಕಡೆ ಕಂಡಿತು, ಕೊಂಬು ಹೇಗಿತ್ತು. ಆಕೆ ಉಸಿರು ಕಟ್ಟಿ ಕಟ್ಟಿ ಎಲ್ಲಕ್ಕೂ ಉತ್ತರ ಕೊಟ್ಟಳು. ತುಟಿ ಒಡೆದು ಬಿಳಿಚಿಕೊಂಡಿತ್ತು.

"ನೀವು ಸತ್ಯ ಹೇಳುತ್ತಿದ್ದೀರಿ ಎಂದು ನಾನು ನಂಬುತ್ತೇನೆ," ಎಂದರು ಖಾಜಿಗಳು. "ಆದರೆ ಊರಿಗೆ ಹಬ್ಬ ಎಂದು ಸಾರಲು ಇಷ್ಟು ಸಾಲದು. ನೀವು ಕಾಯಿಲೆಯವರು. ದೇವರೇ ನಿಮಗೆ ರೋಜಾದಿಂದ ಬಿಡುವು ಕೊಟ್ಟಿದ್ದಾನೆ. ಈಗಲೇ ನೀರು ಕುಡಿಯಿರಿ." ನಾನು ಒಂದೊಂದು ಮಾತನ್ನೂ ಕನ್ನಡಕ್ಕೆ ತಂದೆ.

"ಇವತ್ತು ಹಬ್ಬ ಅಂತ ಅವ್ರು ಏಳ್ಲಿ, ಕುಡೀತೀನಿ," ಎಂದಳು.

"ಹಬ್ಬ ಅಂತ ಹೇಳೋ ಹಾಗಿಲ್ಲ ಅವ್ವ. ಕಾಯಿಲೆ ಇದೆಯಲ್ಲ, ಅದಕ್ಕೆ ಕುಡೀಬಹುದು."

"ಕಾಯ್ಲೆ ಅಂತ ಬುಡೋದಾಗಿದ್ರೆ ಮೊದಲ್ನೇ ದಿನವೇ ಬುಡ್ತಿದ್ದೆ ಕಣಪ್ಪ. ತಿಂಗಳು ಪೂರ್ತಿ ಮಾಡ್ದೆ. ಚಂದ್ರನ್ನೂ ಕಂಡೆ. ಈಗ ಕಾಯ್ಲೆ ಅಂತ ಕುಡೀಲಾ? ಬ್ಯಾಡ ಬುಡಿ."

ಖಾಜಿಗಳು ಲೋಟವನ್ನು ತಾವೇ ಎತ್ತಿ ಹಿಡಿದರು. ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಆ ಕ್ಷಣದಲ್ಲಿ ಹಬ್ಬವೆಂದು ಅವರ ಬಾಯಿಂದ ಬಂದೇಬಿಡುತ್ತದೆಂದು ನನಗನ್ನಿಸಿತು. ಬರಲಿಲ್ಲ. ಲೋಟವನ್ನು ಆಕೆಯ ಕೈಗೆಟುಕುವ ಹಾಗೆ ಕೆಳಗಿಟ್ಟರು.

ಹೊರಗೆ ಬಂದಾಗ ಗೌಡರು ಎದ್ದು ನಿಂತಿದ್ದರು. "ಕಂಡೋರು ಮೂರು ಜನ. ಕಂಡಿಲ್ಲ ಅಂತ ಸಾರಕ್ಕೆ ಕಾರು ಮಾಡ್ಕಂಡು ಬಂದ್ರಾ ಮೇಷ್ಟ್ರೇ?" ಎಂದು ನನ್ನನ್ನೇ ಕೇಳಿದರು. ಮುದುಕ ಮಾತ್ರ ಕಾರಿನವರೆಗೆ ಬಂದು, ಖಾಜಿಗಳ ಕೈಗೆ ತನ್ನ ಹಣೆ ಮುಟ್ಟಿಸಿ ಬೀಳ್ಕೊಟ್ಟ. ವ್ಯಾಪಾರಿ ನಮ್ಮ ಜೊತೆ ಬರಲಿಲ್ಲ, ಅಲ್ಲೇ ಉಳಿದುಕೊಂಡ.

ಶ್ರೀರಂಗಪಟ್ಟಣದಲ್ಲಿ ಮಸೀದಿಯ ಮುಂದೆ ಜನ ತುಂಬಿದ್ದರು. ಕಾರು ನಿಂತ ಕೂಡಲೇ ಗದ್ದಲ ಅಡಗಿತು. ಖಾಜಿಗಳು ಮೆಟ್ಟಿಲ ಮೇಲೆ ನಿಂತು ಒಂದೇ ಮಾತು ಹೇಳಿದರು, "ಸಾಕ್ಷ್ಯ ಪೂರ್ಣವಾಗಲಿಲ್ಲ. ಇವತ್ತು ಮೂವತ್ತನೇ ರೋಜಾ." ಯಾರೋ ಗೊಣಗಿದರು, ಯಾರೋ ಅವರನ್ನು ಸುಮ್ಮನಿರಿಸಿದರು. ಜನ ಕರಗಿದರು.

ಸಂಜೆಗೆ ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಾಯಿತು. ಚಂದ್ರ ಎತ್ತರದಲ್ಲಿ, ದಪ್ಪವಾಗಿ ಕಂಡಿತು. ಎರಡನೇ ದಿನದ ಚಂದ್ರನೆಂದು ನೋಡಿದವರೆಲ್ಲ ಆಡಿಕೊಂಡರು. ಚಂದ್ರನ ಗಾತ್ರ ಅಳೆದು ಹಿಂದಿನ ದಿನದ ತೀರ್ಮಾನ ಮಾಡುವ ಹಾಗಿಲ್ಲವೆಂದು ಖಾಜಿಗಳು ಬಂದವರಿಗೆಲ್ಲ ವಿವರಿಸಿದರು.

ಹಬ್ಬದ ಬೆಳಿಗ್ಗೆ ಈದ್ಗಾದಲ್ಲಿ ನಮಾಜು ಮುಗಿದು ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾಗ ಬಟ್ಟೆ ವ್ಯಾಪಾರಿ ಬೇಲಿಯ ಹೊರಗೆ ನಿಂತಿದ್ದನ್ನು ಕಂಡೆ. ಮಾಸಿದ ಅದೇ ಅಂಗಿ. ನನಗೆ ಗೊತ್ತಾಗಿಹೋಯಿತು.

"ನೆನ್ನೆ, ಸೂರ್ಯ ಇನ್ನೂ ಮೇಲಿದ್ದಂಗೇ ಓಗ್ಬುಟ್ಲು," ಎಂದ. "ಅಲ್ಲಿ ಮಯ್ಯತ್ ತೊಳೆಯೋಕೆ, ನಮಾಜು ಮಾಡೋಕೆ ಜನ ಇಲ್ಲ. ಹೆಂಗಸರೂ ಒಂದಿಬ್ಬರು ಬೇಕು. ಬನ್ನಿ ಮೇಷ್ಟ್ರೇ."

ಕೆಲವರು ಹಬ್ಬದ ಬಟ್ಟೆಯಲ್ಲೇ ಹೊರಟೆವು. ಖಾಜಿಗಳೂ ಬಂದರು. ಗೌಡರು ತಮ್ಮ ಹೊಲದ ಬದುವಿನಲ್ಲಿ ಜಾಗ ಬಿಟ್ಟುಕೊಟ್ಟಿದ್ದರು, ಅವರ ಆಳುಗಳೇ ಗುಂಡಿ ತೋಡಿದ್ದರು. ಮಣ್ಣು ಹಸಿಯಾಗಿತ್ತು. ಎಲ್ಲ ಮುಗಿದ ಮೇಲೆ ಮುದುಕ ನನ್ನ ಹತ್ತಿರ ಬಂದ.

"ವರ್ಸವರ್ಸ ಅವ್ಳ ಎಸ್ರಲ್ಲಿ ಕುರಾನ್ ಓದಿಸ್ಬೇಕಲ್ಲ. ಯಾವ ದಿನ ಅಂತ ಇಟ್ಕಳ್ಳಿ? ನಂಗೆ ಅವ್ಳು ಹಬ್ಬದ ದಿನ ಸತ್ತವ್ಳೆ. ನಿಮ್ಗೆ?"

ನಾನು ಖಾಜಿಗಳನ್ನು ಕೇಳಿದೆ. ಅವರು, "ರಂಜಾನಿನ ಮೂವತ್ತು," ಎಂದರು. ಬೇರೇನು ಹೇಳಲು ಸಾಧ್ಯವಿತ್ತು? ಊರಿಡೀ ಆ ದಿನ ರೋಜಾ ಹಿಡಿದಿತ್ತು. ಮುದುಕ ಎರಡು ಸಲ ಬಾಯಲ್ಲಿ ಹೇಳಿಕೊಂಡು ನೆನಪಿಟ್ಟುಕೊಂಡ. ಆ ಕಾಯಿಲೆಯಲ್ಲಿ ನೀರು ಕುಡಿದಿದ್ದರೂ ಎಷ್ಟು ದಿನ ಇರುತ್ತಿದ್ದಳೋ ಯಾರಿಗೆ ಗೊತ್ತು ಎಂದು ಬರುವಾಗ ಕಾರಿನಲ್ಲಿ ಒಬ್ಬರು ಹೇಳಿದರು. ನಿಜವಿರಬಹುದು. ನಾನು ಹೇಳಿದ್ದು ತಪ್ಪೆಂದು ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಆದರೆ ಆಮೇಲಿನ ವರ್ಷಗಳಲ್ಲಿ ಏರಿ ಹತ್ತುವ ಕೆಲಸಕ್ಕೆ ಬೇರೆಯವರನ್ನು ಕಳಿಸಿರೆಂದು ಕೇಳಿಕೊಂಡೆ.

ಮರುವರ್ಷ ಇಪ್ಪತ್ತೊಂಬತ್ತನೇ ಸಂಜೆ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ನದಿ ದಂಡೆಯಲ್ಲಿ ನಿಂತವರೆಲ್ಲ ಒಟ್ಟಿಗೇ ಚಂದ್ರನನ್ನು ಕಂಡರು. ಮಕ್ಕಳು ಪಟಾಕಿ ಹಚ್ಚಿದರು. ನಾನೂ ಖಾಜಿಗಳೂ ಮಸೀದಿಯ ಬಾಗಿಲಿಗೆ ಬಂದಾಗ ಲಾಳದ ಅಜ್ಜ ಮೆಟ್ಟಿಲ ಮೇಲೆ ಕುಳಿತಿದ್ದ. ಮಾರನೆಯ ದಿನ ಹೆಂಡತಿಯ ಹೆಸರಿನಲ್ಲಿ ಓದಿಸಬೇಕೆಂದು ಮಧ್ಯಾಹ್ನದ ಬಸ್ಸಿಗೇ ಬಂದಿದ್ದನಂತೆ. ತುಂಬ ಇಳಿದುಹೋಗಿದ್ದ.

"ಮೇಷ್ಟ್ರೇ, ಮೂವತ್ತನೇ ರೋಜಾ ಈ ವರ್ಸ ಇಲ್ವಂತಲ್ಲ," ಎಂದ. "ನಾಳೆನೇ ಹಬ್ಬ ಅಂತಾವ್ರೆ. ಹಂಗಾದ್ರೆ ಅವ್ಳ ದಿನ ಯಾವ್ದು?"

ಅದನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ಮೂವತ್ತನೇ ದಿನ ಎಲ್ಲ ವರ್ಷವೂ ಬರುವುದಿಲ್ಲ. ಖಾಜಿಗಳಿಗೆ ಹೇಳಿದೆ. ಅವರು ಚಂದ್ರನಿದ್ದ ಕಡೆಗೆ ನೋಡಿದರು, ಆಗಲೇ ಅದು ಮುಳುಗುತ್ತಿತ್ತು. "ನಾಳೆಯೇ ಓದಿಸಲಿ. ಇನ್ನು ಮುಂದೆ ಎಲ್ಲ ವರ್ಷವೂ ಹಬ್ಬದ ದಿನವೇ ಓದಿಸಲಿ," ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮುದುಕ ನನ್ನ ಮುಖವನ್ನೂ ಖಾಜಿಗಳ ಮುಖವನ್ನೂ ನೋಡಿದ.

"ಅಂದ್ರೆ, ಅವತ್ತು ಹಬ್ಬ ಆಗಿತ್ತು ಅಂತ ಒಪ್ಕಂಡ್ರಾ?" ಎಂದು ಮೆಲ್ಲಗೆ ಕೇಳಿದ.

ಆ ಮಾತನ್ನು ನಾನು ಉರ್ದುವಿಗೆ ತರಲಿಲ್ಲ. ಅವನು ಏನೆಂದನೆಂದು ಖಾಜಿ ಸಾಹೇಬರೂ ಕೇಳಲಿಲ್ಲ. ಕೈಗೋಲು ಬದಲಿಸಿಕೊಂಡು, ಚಪ್ಪಲಿ ಬಿಟ್ಟು, ನಮಾಜಿಗೆ ಒಳಗೆ ಹೋದರು.